ಮೈಮೇಲೆ ಎಂಟು ಕೊಡ, ಬಾಯಿಗೆ ಎರಡು ಲೋಟ

ಕಾಲಿನ ಬಾವು ಇಳಿದು ವರ್ಷವಾಗುತ್ತ ಬಂತು. ಸಿಟ್ಟು ಇನ್ನೂ ಇಳಿದಿಲ್ಲ. ಅದೂ ಇಳಿಯಲಿ, ಆಮೇಲೆ ಸಮಾಧಾನದಿಂದ ಬರೆಯೋಣ ಎಂದುಕೊಂಡಿದ್ದೆ. ಹಾಗೆ ಕಾಯುತ್ತ ಕೂತರೆ ಈ ಜನ್ಮದಲ್ಲಿ ಬರೆಯುವುದಿಲ್ಲ ಎಂದು ಗೊತ್ತಾದ ಮೇಲೆ ಸಿಟ್ಟಿನಲ್ಲಿಯೇ ಬರೆಯಲು ಕೂತಿದ್ದೇನೆ. ಓದುವವರು ಸೈರಿಸಿಕೊಳ್ಳಬೇಕು. ಸೈರಿಸಿಕೊಳ್ಳಲಾಗದವರು ನಮ್ಮ ಮನೆಯ ಹಿರಿಯರ ಸಾಲಿನಲ್ಲಿ ಹೋಗಿ ಕೂಡ್ರಬಹುದು, ಅಲ್ಲಿ ಜಾಗ ಬೇಕಾದಷ್ಟಿದೆ.

ನಾನು ಬಸ್ ಕಂಡಕ್ಟರ್. ಮುದ್ದೇಬಿಹಾಳದಿಂದ ಬೆಳಿಗ್ಗೆ ಆರಕ್ಕೆ ಬಿಟ್ಟು ತಾಳಿಕೋಟೆ, ಸಿಂದಗಿ ಮುಟ್ಟಿ ಇಂಡಿಗೆ ಹೋಗುವ ಗಾಡಿ ನನ್ನದು. ಮಧ್ಯಾಹ್ನ ಅದೇ ದಾರಿಯಲ್ಲಿ ವಾಪಸು. ಮಗಳು ಹುಟ್ಟುವವರೆಗೆ ಏಳು ವರ್ಷ ಇದನ್ನೇ ಮಾಡಿದೆ. ಹೆಂಗಸರಿಗೆ ಟಿಕೆಟ್ ಫ್ರೀ ಆದಮೇಲಂತೂ ಗಾಡಿಯಲ್ಲಿ ಕಾಲಿಡಲು ಜಾಗವಿಲ್ಲ. ಬಾಗಿಲಲ್ಲಿ ನಿಂತವರು ಒಳಗೆ ಸರಿಯುವುದಿಲ್ಲ, ಒಳಗಿದ್ದವರು ಇಳಿಯಲು ಬಾಗಿಲು ಬಿಡುವುದಿಲ್ಲ. "ಒಳಗ ಸರೀರಿ, ಒಳಗ ಸರೀರಿ" ಎಂದು ದಿನಕ್ಕೆ ಇನ್ನೂರು ಸಲ ಕೂಗುತ್ತಿದ್ದೆ. ಮನೆಯಲ್ಲಿ ನಿದ್ದೆಗಣ್ಣಿನಲ್ಲಿಯೂ ಅದನ್ನೇ ಕೂಗುತ್ತೇನೆಂದು ನನ್ನ ಗಂಡ ಸಂಗಮೇಶ ನಗುತ್ತಿದ್ದ.

ಆ ಏಳು ವರ್ಷದಲ್ಲಿ ನಾನು ಕಲಿತ ದೊಡ್ಡ ವಿದ್ಯೆಯೆಂದರೆ ನೀರು ಕುಡಿಯದೆ ಇರುವುದು. ಹೆಂಗಸರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಗಂಡಸರಿಗಾಗಿ ಹೇಳುತ್ತೇನೆ. ಡ್ರೈವರು ಗಾಡಿಯನ್ನು ಜಾಲಿಗಿಡದ ಪಕ್ಕಕ್ಕೆ ನಿಲ್ಲಿಸಿ ಇಳಿದು ಹೋಗಬಹುದು. ನಾನು ಎಲ್ಲಿಗೆ ಹೋಗಲಿ? ದಾರಿಯ ಒಂದು ಸ್ಟ್ಯಾಂಡಿನ ಶೌಚಾಲಯದಲ್ಲಿ ನೀರಿಲ್ಲ, ಒಂದರಲ್ಲಿ ಚಿಲಕವಿಲ್ಲ, ಒಂದರ ಬಾಗಿಲಲ್ಲೇ ಗಂಡಸರು ಬೀಡಿ ಸೇದುತ್ತ ಕೂತಿರುತ್ತಾರೆ. ಊರುಗಳ ಹೆಸರು ಹೇಳುವುದಿಲ್ಲ. ಹೇಳಿದರೆ ಉಳಿದ ಊರಿನವರು "ನಮ್ಮದಲ್ಲ" ಎಂದು ಎದೆ ಉಬ್ಬಿಸುತ್ತಾರೆ. ಅದಕ್ಕೆ ನಮ್ಮಂಥವರು ಮಾಡುವ ಉಪಾಯ ಒಂದೇ: ಕುಡಿಯದಿದ್ದರೆ ಹೋಗುವುದೂ ಬೇಡ. ಬೆಳಿಗ್ಗೆ ಒಂದು ಗುಟುಕು ಚಹಾ, ಇಂಡಿಯಲ್ಲಿ ಊಟದ ಜೊತೆ ಅರ್ಧ ಲೋಟ, ಮತ್ತೆ ಮನೆ ಮುಟ್ಟಿದ ಮೇಲೆ. ಉರಿಮೂತ್ರ, ತಲೆಶೂಲೆ ಎಲ್ಲಾ ಡ್ಯೂಟಿಯ ಜೊತೆಗೇ ಬರುವಂಥವು ಎಂದು ನಂಬಿದ್ದೆ.

ನನ್ನ ಗಾಡಿಯ ಡ್ರೈವರು ತಾಳಿಕೋಟೆಯ ಹುಸೇನ್‌ಸಾಬ್ ಕಾಕಾ. ರಿಟೈರ್ ಆಗಲು ಎರಡು ವರ್ಷ ಉಳಿದ ಮನುಷ್ಯ. ನಮ್ಮದು ಹಳೆಯ ಗಾಡಿ, ಎಲ್ಲೋ ಸೋರುತ್ತಿತ್ತು. ಸ್ಟ್ಯಾಂಡಿನಲ್ಲಿ ನಿಂತ ಕೂಡಲೇ ಕಾಕಾ ಮುಚ್ಚಳದ ಮೇಲೆ ಹಸಿ ಅರಿವೆ ಹಾಕಿ, ಮೆಲ್ಲಗೆ ತಿರುವಿ, ಕ್ಯಾನಿನಿಂದ ರೇಡಿಯೇಟರಿಗೆ ನೀರು ಹೊಯ್ಯುತ್ತಿದ್ದರು. ಅದು ಗಟಗಟ ಕುಡಿಯುವುದನ್ನು ನೋಡುತ್ತ ನಾನು ಒಣಗಿದ ತುಟಿ ಸವರಿಕೊಳ್ಳುತ್ತಿದ್ದೆ. ಆಗ ನನಗೆ ಅದರಲ್ಲಿ ಏನೂ ವಿಚಿತ್ರ ಕಾಣಿಸಲಿಲ್ಲ. ಈಗ ನೆನೆದರೆ ಮೈ ಉರಿಯುತ್ತದೆ.

ಮೊದಲ ಹೆರಿಗೆ ತವರಲ್ಲಿ ಎಂಬುದು ನಮ್ಮ ಕಡೆಯ ಪದ್ಧತಿ. ನನ್ನ ತವರು ಬಸವನ ಬಾಗೇವಾಡಿ ಹತ್ತಿರದ ಹಳ್ಳಿ. ಹೆರಿಗೆ ಆಸ್ಪತ್ರೆಯಲ್ಲಿ ಸಲೀಸಾಗಿ ಆಯಿತು, ಹೆಣ್ಣುಮಗು. ಮನೆಗೆ ಕಳಿಸುವಾಗ ಸಿಸ್ಟರ್ ನನ್ನ ಅವ್ವನಿಗೆ ಎರಡೆರಡು ಸಲ ಹೇಳಿದರು: ನೀರು ಚೆನ್ನಾಗಿ ಕೊಡಿ, ಎದ್ದು ಓಡಾಡಲಿ. "ಹೂನ್ರಿ ಸಿಸ್ಟರ್, ಯಾಕಾಗವಲ್ದು" ಎಂದು ಅವ್ವ ತಲೆ ಅಲ್ಲಾಡಿಸಿದಳು. ಆಸ್ಪತ್ರೆಯ ಗೇಟು ದಾಟಿದ ಕೂಡಲೇ ಆ ಮಾತನ್ನು ಅಲ್ಲಿಯೇ ಉಗುಳಿ ಬಂದಳು.

ತವರುಮನೆಯ ಹಿಂದಿನ ಖೋಲಿ ಬಾಣಂತಿ ಖೋಲಿಯಾಯಿತು. ಕಿಡಕಿಯ ಸಂದಿಗೆ ಹಳೇ ಅರಿವೆ ತುರುಕಿದರು. ಕಿವಿಗೆ ಅರಳೆ, ತಲೆಗೆ ಬಿಗಿಯಾಗಿ ಕಟ್ಟಿದ ಸ್ಕಾರ್ಫು, ಹೊಟ್ಟೆಗೆ ಉಸಿರು ಕಟ್ಟುವಂತೆ ಸುತ್ತಿದ ಹಳೇ ಸೀರೆ. ಹೊರಸಿನ ಕೆಳಗೆ ಎರಡು ಹೊತ್ತು ಕೆಂಡದ ಕಾವು. ಇಪ್ಪತ್ತೊಂದು ದಿನ ಹೊಸ್ತಿಲು ದಾಟುವಂತಿಲ್ಲ, ಓಡಾಡಿದರೆ ನಡ ಬೀಳುತ್ತದಂತೆ. ಊಟಕ್ಕೇನೂ ಕಡಿಮೆ ಇರಲಿಲ್ಲ, ಸುಳ್ಳು ಹೇಳಬಾರದು. ಬಿಸಿ ರೊಟ್ಟಿ, ಬೆಳ್ಳುಳ್ಳಿ ಖಾರ, ತುಪ್ಪ, ಅಂಟಿನುಂಡಿ. ಎಲ್ಲವೂ ಒಣ, ಎಲ್ಲವೂ ಉಷ್ಣ. ಕುಡಿಯಲು ಮಾತ್ರ ಅಜವಾನ ಹಾಕಿ ಕುದಿಸಿದ ನೀರು, ಬೆಳಿಗ್ಗೆ ಒಂದು ಸಣ್ಣ ಲೋಟ, ಸಂಜೆ ಒಂದು ಸಣ್ಣ ಲೋಟ.

"ಇನ್ನ ಸ್ವಲ್ಪ ಕೊಡಬೇ, ಗಂಟಲ ಒಣಗಾಕತ್ತೈತಿ" ಎಂದರೆ ಅವ್ವ ಕೂಸಿನ ಕಡೆ ಕೈ ತೋರಿಸುತ್ತಿದ್ದಳು.

"ನೀ ನೀರ ಕುಡದ್ರ ಆಕಿಗೆ ಥಂಡಿ ಆಗ್ತೈತಿ. ನಿನಗ ನಂಜ ಆಗ್ತೈತಿ. ಹೊಟ್ಟಿ ಮುಂದ ಬರ್ತೈತಿ. ತಾಯಿ ಆದಾಕಿಗೆ ಒಂದೀಟ ತಡಕೊಳ್ಳಾಕ ಬರಬೇಕು."

ನಾನು ತಡೆದುಕೊಂಡೆ. ಇದನ್ನೇ ನನಗೆ ಇವತ್ತಿಗೂ ಕ್ಷಮಿಸಿಕೊಳ್ಳಲಾಗುವುದಿಲ್ಲ. ಟಿಕೆಟ್ ಇಲ್ಲದೆ ಹತ್ತಿದ ಪುಢಾರಿಯನ್ನು ನಡುದಾರಿಯಲ್ಲಿ ಇಳಿಸಿದವಳು ನಾನು. ಎರಡು ಲೋಟ ನೀರಿಗಾಗಿ ನನ್ನ ಅವ್ವನ ಎದುರು ಬಾಯಿ ತೆರೆಯಲಿಲ್ಲ. ಬಾಯಾರಿಕೆ ನನಗೆ ಹೊಸದಾಗಿರಲಿಲ್ಲ ನೋಡಿ, ಏಳು ವರ್ಷ ತಾಲೀಮು ಆಗಿತ್ತು. ಇದೂ ಒಂದು ಡ್ಯೂಟಿ ಅಂದುಕೊಂಡು ಮಲಗಿದೆ.

ಇನ್ನು ಸ್ನಾನ. ಬಾಣಂತಿಯರಿಗೆ ಎರೆಯುವುದರಲ್ಲಿ ನಮ್ಮೂರ ಗಂಗವ್ವನದು ಎತ್ತಿದ ಕೈ. ಎಣ್ಣೆ ಹಚ್ಚಿ ತಿಕ್ಕಿ, ಬಚ್ಚಲಲ್ಲಿ ಕೂಡ್ರಿಸಿ, ಕೈ ಇಡಲಾಗದಷ್ಟು ಕಾದ ನೀರನ್ನು ಎಂಟು ಕೊಡ ಸುರಿಯುತ್ತಿದ್ದಳು. ಮೈಮೇಲೆ ಎಂಟು ಕೊಡ, ಬಾಯಿಗೆ ಎರಡು ಲೋಟ. ಮೊದಲ ದಿನ ಒಂದಿಷ್ಟು ನೀರು ತಾನಾಗಿಯೇ ಬಾಯಿಗೆ ಬಿತ್ತು. ಎರಡನೆಯ ದಿನದಿಂದ ನಾನೇ ಮುಖ ಮೇಲೆತ್ತಿ ಬಾಯಿ ತೆರೆಯತೊಡಗಿದೆ. ಎಣ್ಣೆ, ಅರಿಷಿಣ, ಬೆವರು ಬೆರೆತ ಸುಡುನೀರು. ಅದನ್ನು ಕದ್ದು ನುಂಗಿದೆ. ಒಂದು ದಿನ ಗಂಗವ್ವ ಅದನ್ನು ನೋಡಿ ಅಂಗೈಯಿಂದ ನನ್ನ ಬಾಯಿ ಮುಚ್ಚಿ "ಹುಚ್ಚಿ ಹಂಗ ಮಾಡಬ್ಯಾಡ, ಸಾಯ್ತಿ" ಎಂದಳು.

ಹದಿನೆಂಟನೆಯ ದಿನ ಎಡಗಾಲಿನ ಮೀನಖಂಡ ನೋಯತೊಡಗಿತು. ಸಂಜೆಯ ಹೊತ್ತಿಗೆ ಕಾಲು ಬಾತು, ಚರ್ಮ ಬಿಗಿದು ಮಿರಿಮಿರಿ ಮಿಂಚಿತು. ಕೂಸನ್ನು ನೋಡಲು ಬಂದ ಸಂಗಮೇಶನಿಗೆ ತೋರಿಸಿದೆ. ಅವನು ಒಮ್ಮೆ ಕಾಲು ನೋಡಿದ, ಒಮ್ಮೆ ಬಾಗಿಲ ಆಚೆ ನಿಂತ ಅವ್ವನನ್ನು ನೋಡಿದ.

"ಅತ್ತಿಯವ್ರು ಹೇಳಿದಂಗ ಕೇಳ. ಅವರು ನಾಕ ಹಡದಾರ, ಅವರಿಗೆ ಗೊತ್ತಿರ್ತೈತಿ."

ಅವನು ಕೆಟ್ಟವನಲ್ಲ. ಆದರೆ ಆ ಹೊತ್ತಿನಲ್ಲಿ ಅವನ ಒಳ್ಳೆಯತನದಿಂದ ನನಗೇನು ಉಪಯೋಗ? ಗಂಗವ್ವನಿಗೆ ಗೊತ್ತಿತ್ತು, ಅವ್ವನಿಗೆ ಗೊತ್ತಿತ್ತು, ಓಣಿಯ ಎಲ್ಲರಿಗೂ ಗೊತ್ತಿತ್ತು. ವಾತ ಕಾಲಿಗೆ ಇಳಿದಿದೆ ಎಂದು ತೀರ್ಮಾನವಾಯಿತು. ಗಂಗವ್ವ ಬೆಳ್ಳುಳ್ಳಿ ಹಾಕಿ ಕಾಸಿದ ಎಣ್ಣೆ ತಂದು "ಇಲ್ಲಿ ಗಂಟ ಕಟ್ಟೈತಿ ನೋಡ, ಒಡದ ಬಿಡ್ತೀನಿ" ಎಂದು ಎರಡೂ ಹೆಬ್ಬೆರಳು ಊರಿ ಮೇಲಕ್ಕೆ ತಿಕ್ಕಿದಳು. ದಿನಕ್ಕೆ ಎರಡು ಸಲದಂತೆ ಮೂರು ದಿನ. ನಾನು ಸೀರೆಯ ಸೆರಗು ಕಚ್ಚಿಕೊಂಡು ಅತ್ತೆ. ಆಕೆ ನನಗೆ ಒಳ್ಳೆಯದು ಮಾಡುತ್ತಿದ್ದೇನೆಂದು ಬೆವರು ಸುರಿಸುತ್ತಿದ್ದಳು. ಇದೇ ನೋಡಿ ಕಷ್ಟ, ಯಾರ ಮೇಲೆ ಸಿಟ್ಟು ಮಾಡಬೇಕು?

ಇಪ್ಪತ್ತೊಂದನೆಯ ದಿನ ಬೆಳಿಗ್ಗೆ ಬಚ್ಚಲಲ್ಲಿ ಆರನೆಯ ಕೊಡ ಬಿದ್ದಾಗ ಉಸಿರು ಸಿಗಲಿಲ್ಲ. ಎದೆಯ ಬಲಕ್ಕೆ ಚೂರಿ ಹಾಕಿದಂತಾಯಿತು. "ಸಾಕ ಮಾಡ" ಎನ್ನಬೇಕೆಂದರೆ ಮಾತು ಹೊರಡಲಿಲ್ಲ. ಗಂಗವ್ವ ಏಳನೆಯದನ್ನೂ ಸುರಿದಳು. ಅಲ್ಲಿಯೇ ಪಕ್ಕಕ್ಕೆ ಉರುಳಿದೆ.

ಆಮೇಲೆ ಅಂಬುಲೆನ್ಸು. ಬಾಗೇವಾಡಿಯಲ್ಲಿ ಡಾಕ್ಟರು ಕಾಲು ನೋಡಿದವರೇ ಕೂಡ್ರಿಸಲೂ ಇಲ್ಲ, ಆಕ್ಸಿಜನ್ ಹಚ್ಚಿ ನೆಟ್ಟಗೆ ವಿಜಯಪುರಕ್ಕೆ ಕಳಿಸಿದರು. ಅಂಬುಲೆನ್ಸಿನಲ್ಲಿ ಕೂಸು ಅವ್ವನ ತೊಡೆಯ ಮೇಲೆ ಅಳುತ್ತಿತ್ತು. ನನ್ನ ಎದೆಯ ಹಾಲು ತಾನಾಗಿಯೇ ಸೋರಿ ಕುಪ್ಪಸ ಒದ್ದೆಯಾಗುತ್ತಿತ್ತು. ಸಾಯುತ್ತೇನೆ ಎಂದೇ ಅನಿಸಿತ್ತು. ಹೆಸರು ಕೂಡ ಇಟ್ಟಿರಲಿಲ್ಲ ಅದಕ್ಕೆ.

ವಿಜಯಪುರದ ಡಾಕ್ಟರಮ್ಮ ನನಗಿಂತ ಸಣ್ಣವಳು ಇರಬೇಕು. ಸ್ಕ್ಯಾನ್ ಎಲ್ಲ ಆದಮೇಲೆ ಮಂಚದ ಪಕ್ಕ ಬಂದು ನಿಂತಳು.

"ಕಾಲ ಯಾರ ತಿಕ್ಕಿದ್ರು?"

ಅವ್ವ ನೆಲ ನೋಡಿದಳು, ಸಂಗಮೇಶ ಗೋಡೆ ನೋಡಿದ.

"ಕಾಲಿನ ನಾಳದಾಗ ರಕ್ತ ಹೆಪ್ಪುಗಟ್ಟಿತ್ತು. ಅದರಾಗಿಂದ ಒಂದ ತುಂಡ ಕಿತ್ತು ಪುಪ್ಪುಸಕ್ಕ ಹೋಗೇತಿ. ಇನ್ನ ಸ್ವಲ್ಪ ದೊಡ್ಡ ತುಂಡ ಆಗಿದ್ರ..." ಎಂದು ಅರ್ಧಕ್ಕೆ ಬಿಟ್ಟಳು. ಉಳಿದರ್ಧ ನನಗೆ ತಿಳಿಯಿತು. ರಕ್ತ ಮೈಯಲ್ಲಿ ಹೇಗೆ ತಿರುಗುತ್ತದೆ ಎಂದು ಆಕೆ ಹೇಳಿದ್ದರಲ್ಲಿ ನನ್ನ ತಲೆಗೆ ಹೋದದ್ದು ಇಷ್ಟು: ಬಾಗಿಲಲ್ಲಿ ನಿಂತವರು ಸರಿಯಲಿಲ್ಲ, ಒಳಗಿನವರು ಹೊರಗೆ ಬರಲಿಲ್ಲ, ಹೊರಗಿನವರು ಒಳಗೆ ಹೋಗಲಿಲ್ಲ. ಅದನ್ನು ನಾನು ದಿನಾ ನೋಡಿದವಳು.

"ದಿನಕ್ಕ ಎಷ್ಟ ನೀರ ಕುಡೀತಿದ್ರಿ?"

ಎರಡು ಬೆರಳು ಎತ್ತಿದೆ.

"ಎರಡ ಲೀಟರ?"

ತಲೆ ಅಲ್ಲಾಡಿಸಿ ಕೈಯಲ್ಲೇ ಲೋಟದ ಅಳತೆ ತೋರಿಸಿದೆ. ಡಾಕ್ಟರಮ್ಮ ಒಂದು ಕ್ಷಣ ಕಣ್ಣು ಮುಚ್ಚಿಕೊಂಡಳು. ಹಡೆದ ಮೇಲೆ ರಕ್ತಕ್ಕೆ ಹೆಪ್ಪುಗಟ್ಟುವ ಗುಣ ಮೊದಲೇ ಹೆಚ್ಚು, ಅದರ ಮೇಲೆ ನೀರಿಲ್ಲ, ನಡೆದಾಟ ಇಲ್ಲ ಎಂದಳು. "ಈ ವರ್ಷ ನೀವು ಎಷ್ಟನೇದವರು ಅಂತ ನಾ ಲೆಕ್ಕಾ ಇಡೂದ ಬಿಟ್ಟೀನಿ" ಎಂದು ಸಿಸ್ಟರಿಗೆ ನೀರು ಕೊಡಲು ಹೇಳಿ ಹೋದಳು.

ಆ ಮೊದಲ ಲೋಟ. ಅದರ ರುಚಿ ಇಲ್ಲಿ ಬರೆಯಲು ನನಗೆ ಬರುವುದಿಲ್ಲ. ಎರಡನೆಯದನ್ನೂ ಕುಡಿದೆ. ಮೂರನೆಯದನ್ನು ಸಿಸ್ಟರ್ ಚಾಚಿದಾಗ ಅವ್ವನ ಕೈ ಅಡ್ಡ ಬಂತು. ನನ್ನ ಮೂಗಿಗೆ ನಳಿಕೆ, ಹೊಟ್ಟೆಗೆ ಸೂಜಿ, ಕಾಲು ಬಾಳೆದಿಂಡಿನಷ್ಟು ದಪ್ಪ, ಆಗಲೂ ಅವಳು "ಸಾಕ್ರಿ ಸಿಸ್ಟರ, ಹಸೀ ಬಾಣಂತಿ, ನಂಜ ಆದೀತು" ಎಂದಳು. ಸಿಸ್ಟರ್ ಅವ್ವನ ರಟ್ಟೆ ಹಿಡಿದು ಹೊರಗೆ ಕಳಿಸಿದರು. ನಾನು ತಡೆಯಲಿಲ್ಲ. ನನ್ನ ಜೀವಮಾನದಲ್ಲಿ ಮೊದಲ ಸಲ ಅವ್ವ ನನ್ನ ಕಣ್ಣ ಮುಂದಿನಿಂದ ಹೋದರೆ ಸಾಕು ಅನಿಸಿತ್ತು.

ಹನ್ನೊಂದು ದಿನ ಆಸ್ಪತ್ರೆಯಲ್ಲಿ ಇದ್ದೆ. ನೋಡಲು ಬಂದವರ ಮಾತು ಸೂಜಿಗಿಂತ ಹೆಚ್ಚು ನೋಯಿಸಿತು. ಯಾರ ಕಣ್ಣು ಬಿತ್ತೋ ಎಂದರು. ಕೂಸು ಹುಟ್ಟಿದ ಗಳಿಗೆ ಸರಿ ಇಲ್ಲ ಎಂದರು. ನನ್ನ ಸೋದರತ್ತೆ "ಖಾಕಿ ಹಾಕ್ಕೊಂಡು ಗಂಡಸರ ಗತೆ ತಿರುಗಿದ್ರ ಮೈಯಾಗಿನ ರಕ್ತ ಕೆಡದ ಏನ ಮಾಡ್ತೈತಿ" ಎಂದು ನನ್ನ ಮಂಚದ ಮೇಲೆಯೇ ಕೂತು ನನ್ನ ಮೋಸಂಬಿಯನ್ನೇ ಸುಲಿದು ತಿಂದಳು. ಇಪ್ಪತ್ತೊಂದು ದಿನದ ಕೂಸಿನ ಮೇಲೆ ತಪ್ಪು ಹೊರಿಸಿದರು, ಖಾಕಿಯ ಮೇಲೆ ಹೊರಿಸಿದರು. ಲೋಟದ ಮಾತು ಮಾತ್ರ ಯಾರೂ ಎತ್ತಲಿಲ್ಲ.

ಎತ್ತಿದವರು ಹುಸೇನ್‌ಸಾಬ್ ಕಾಕಾ ಒಬ್ಬರೇ. ಡ್ಯೂಟಿ ಮುಗಿಸಿ ಯೂನಿಫಾರ್ಮಿನಲ್ಲಿಯೇ ಬಂದಿದ್ದರು. ಸಂಗಮೇಶ ಎಲ್ಲ ಹೇಳಿದ. ಕಾಕಾ ಟೋಪಿ ತೆಗೆದು ತೊಡೆಯ ಮೇಲೆ ಇಟ್ಟುಕೊಂಡರು.

"ಮಗಳ, ನಾ ಗಾಡಿಗೆ ನೀರ ಹಾಕದ ಒಂದ ದಿನ ಓಡಿಸಿ ಇಂಜಿನ್ ಜಾಮ್ ಆದ್ರ ನನಗ ಮೆಮೊ ಕೊಡ್ತಾರ. ಹೌದಿಲ್ಲೋ? ಕಬ್ಬಣದ್ದು ಅದು. ಅದಕ್ಕೂ ನೀರ ತಿರಗಬೇಕು. ನಿಮ್ಮವ್ವಗ ಯಾರ ಮೆಮೊ ಕೊಡೂದು?"

ಅವ್ವ ಬಾಗಿಲಲ್ಲೇ ಕೂಸನ್ನೆತ್ತಿಕೊಂಡು ನಿಂತಿದ್ದಳು. ಕೇಳಿಸಿತ್ತು. "ಚಾ ತರತೇನಿ" ಎಂದು ಹೋದವಳು ಅವರು ಹೋಗುವವರೆಗೆ ಬರಲಿಲ್ಲ.

ಆರನೆಯ ದಿನ ನನ್ನನ್ನು ಐಸಿಯುನಿಂದ ವಾರ್ಡಿಗೆ ಹಾಕಿದರು. ಪಕ್ಕದ ಮಂಚದಲ್ಲಿ ಹೊರ್ತಿಯ ಒಬ್ಬ ಹುಡುಗಿ, ಇಪ್ಪತ್ತೆರಡು ವರ್ಷ. ಹಡೆದು ಹದಿನಾಲ್ಕು ದಿನಕ್ಕೆ ತಲೆಶೂಲೆ, ಫಿಟ್ಸು. ಆಕೆಗೆ ರಕ್ತ ತಲೆಯಲ್ಲಿ ಹೆಪ್ಪುಗಟ್ಟಿತ್ತು. ಬಲಗೈ ಎತ್ತಲು ಬರುತ್ತಿರಲಿಲ್ಲ, ಮಾತು ಹೋಗಿತ್ತು. ಕೂಸು ಅತ್ತರೆ ಕಣ್ಣುಗಳಷ್ಟೇ ಆ ಕಡೆ ಹೊರಳುತ್ತಿದ್ದವು. ಅವಳ ಅತ್ತೆ ಎಂಥ ಅಕ್ಕರೆಯ ಹೆಂಗಸು! ಸೊಸೆಯ ಕಾಲು ಒತ್ತುತ್ತ, ಬಾಯಿ ಒರೆಸುತ್ತ, ಅಳುತ್ತ ಕೂತಿರುತ್ತಿದ್ದಳು.

"ಯವ್ವಾ, ಬಾಣಂತನದಾಗ ನೀರ ಎಷ್ಟ ಕೊಡ್ತಿದ್ರಿ ಈಕಿಗೆ?" ಎಂದು ಕೇಳಿದೆ.

ಆ ಮುದುಕಿ ಕಣ್ಣೊರೆಸಿಕೊಂಡು ನೆಟ್ಟಗೆ ಕೂತಳು. ಮುಖದಲ್ಲಿ ಒಂಥರಾ ಹೆಮ್ಮೆ.

"ಎರಡ ಲೋಟ. ಅದೂ ಕಾಸಿದ್ದು. ಒಂದ ಹನಿ ಹೆಚ್ಚ ಕೊಟ್ಟಿಲ್ಲವ್ವಾ. ನಾ ಏನೂ ಕಡಿಮಿ ಮಾಡಿಲ್ಲ ಈಕಿಗೆ."

ಅವ್ವ ನನ್ನ ಮಂಚದ ಕಾಲಿಗೆ ಒರಗಿ ಕೂಸಿನ ಅರಿವೆ ಮಡಚುತ್ತಿದ್ದಳು. ಕೈ ನಿಂತಿತು. ನಾನು ಅವಳನ್ನೇ ನೋಡಿದೆ, ಈಗ ಹೇಳುತ್ತಾಳೆ, ಈಗಲಾದರೂ ಹೇಳುತ್ತಾಳೆ ಎಂದು. ಅವಳು ಅರಿವೆ ಮಡಚಿ ಮುಗಿಸಿ, ಮಡಚಿದ್ದನ್ನೇ ಬಿಡಿಸಿ ಮತ್ತೆ ಮಡಚಿದಳು. ಆ ಹುಡುಗಿ ಮುಂದೆ ಏನಾದಳೋ ನನಗೆ ಗೊತ್ತಿಲ್ಲ. ಕೇಳಲು ಧೈರ್ಯ ಬಂದಿಲ್ಲ.

ಅಲ್ಲಿಂದ ನೆಟ್ಟಗೆ ಮುದ್ದೇಬಿಹಾಳದ ನಮ್ಮ ಮನೆಗೆ ಬಂದೆ. ಕೂಸನ್ನು ಹಿಡಿಯುವವರು ಬೇಕಲ್ಲ, ಅವ್ವನೂ ಬಂದಳು. ರಕ್ತ ತೆಳುವಾಗುವ ಗುಳಿಗೆ ಆರು ತಿಂಗಳು. ಎರಡು ವಾರಕ್ಕೊಮ್ಮೆ ವಿಜಯಪುರಕ್ಕೆ ಹೋಗಿ ರಕ್ತ ಕೊಟ್ಟು, ರಿಪೋರ್ಟಿಗಾಗಿ ಬೆಂಚಿನ ಮೇಲೆ ಅರ್ಧ ದಿನ ಕಾಯುವುದು. ಕಾಲಿಗೆ ತೊಡೆಯವರೆಗೆ ಬಿಗಿಯುವ ಸಾಕ್ಸು, ನಮ್ಮ ಎಪ್ರಿಲ್ಲಿನ ಬಿಸಿಲಲ್ಲಿ. ಅದನ್ನು ಕಂಡುಹಿಡಿದವರು ಈ ಜಿಲ್ಲೆಗೆ ಬೇಸಿಗೆಯಲ್ಲಿ ಒಮ್ಮೆ ಬಂದು ಹೋಗಬೇಕು. ಸಣ್ಣ ಪುಣ್ಯಗಳೂ ಇದ್ದವು, ಇಲ್ಲವೆನ್ನುವುದಿಲ್ಲ. ಆ ಗುಳಿಗೆ ತೆಗೆದುಕೊಂಡರೂ ಹಾಲು ಕುಡಿಸಬಹುದು ಎಂದು ಡಾಕ್ಟರಮ್ಮ ಹೇಳಿದ ದಿನ ಅತ್ತುಬಿಟ್ಟೆ. ಸಂಗಮೇಶ ದಿನಾ ಬೆಳಿಗ್ಗೆ ಆ ಸಾಕ್ಸನ್ನು ಮಂಡಿಯೂರಿ ಕೂತು ಏರಿಸುತ್ತಿದ್ದ, ಒಂದು ದಿನವೂ ಬೇಸರಪಟ್ಟುಕೊಳ್ಳಲಿಲ್ಲ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಆದರೂ ಉರಿಯಿತಲ್ಲ.

ಅವ್ವ ಮಾತ್ರ ಹಾಗೆಯೇ. ದೊಡ್ಡ ತಂಬಿಗೆಯಲ್ಲಿ ನೀರು ತುಂಬಿ ನನ್ನ ತಲೆದೆಸೆಗೆ ಇಡುತ್ತಿದ್ದಳು, ಖಾಲಿಯಾದರೆ ಮತ್ತೆ ತುಂಬುತ್ತಿದ್ದಳು. ಬಾಯಿಂದ ಒಂದು ಮಾತಿಲ್ಲ. ಓಣಿಯವರು ಕೇಳಿದರೆ "ಬಸ್ಸಿನಾಗ ನಿಂತ ನಿಂತ ಕಾಲ ಕೆಟ್ಟಿತ್ತವ್ವ ಆಕಿದು, ಹಣೇಬರಹ" ಎನ್ನುತ್ತಿದ್ದಳು. ನನಗೆ ಬೇಕಾದದ್ದು ಒಂದೇ ಮಾತು. ತಪ್ಪಾಯಿತು ಎಂದು ಅವಳು ಅಂದರೆ ನಾನು ಅವಳನ್ನು ಮತ್ತೆ ಅವ್ವ ಎಂದು ಬಾಯಿತುಂಬ ಕರೆಯಬಹುದಿತ್ತು. ಅನ್ನದಿದ್ದರೆ ಒಂದೇ ಮನೆಯಲ್ಲಿ ಹಗೆಯವರಂತೆ ಇರಬೇಕು. ಹಾಗೆಯೇ ಇದ್ದೆವು.

ಒಂದು ದಿನ ತಡೆಯಲಾರದೆ ಕೂಗಿಬಿಟ್ಟೆ. "ನೀ ನನ್ನ ಕೊಂದ ಹಾಕ್ತಿದ್ದಿ. ಗೊತ್ತೈತೇನು ನಿನಗ?"

ಅವ್ವ ಹಿಟ್ಟು ನಾದುತ್ತಿದ್ದಳು. ತಲೆ ಎತ್ತಲಿಲ್ಲ. "ನಾನೂ ಹಡದೇನಿ. ನನಗೂ ಹಂಗ ಮಾಡ್ಯಾರ. ನನ್ನ ಅತ್ತಿ ಒಂದ ಲೋಟ ಕೊಡ್ತಿದ್ಲು. ನಿಮ್ಮಣ್ಣ ಕೂಸಿದ್ದಾಗ ಅವನ ಅರಿವಿ ತೊಳದ ತಂದ್ರ ಅದರ ಅಂಚ ಚೀಪೇನಿ ನಾ. ಸತ್ತೇನೇನು?"

ಹಿಟ್ಟಿನ ಕೈಯಲ್ಲೇ ಎದ್ದು ಹಿತ್ತಲಿಗೆ ಹೋದಳು. ಆ ಮಾತು ಕೇಳಿ ನನ್ನ ಸಿಟ್ಟು ಕರಗಬೇಕಿತ್ತು ಎಂದು ನಿಮಗೆ ಅನಿಸಬಹುದು. ಹೆಚ್ಚಾಯಿತು. ಒದ್ದೆ ಅರಿವೆ ಚೀಪಿದವಳೇ ಮಗಳಿಗೆ ಲೋಟ ಅಳೆದು ಕೊಟ್ಟಳಲ್ಲ!

ಮಗಳಿಗೆ ಎಂಟು ತಿಂಗಳಾದಾಗ ರಜೆ ಮುಗಿಯಿತು. ಡಿಪೊದಲ್ಲಿ ಆಫೀಸಿನ ಕೆಲಸ ಕೊಡುತ್ತೇವೆ, ಕೂತಲ್ಲೇ ಮಾಡಬಹುದು ಎಂದರು. ಡಾಕ್ಟರಮ್ಮ ದಿನವಿಡೀ ಒಂದೇ ಕಡೆ ಕೂಡ್ರಬೇಡಿ, ಓಡಾಡಿ, ದಿನಕ್ಕೆ ಮೂರು ಲೀಟರ್ ನೀರು ಕುಡಿಯಿರಿ, ಬಂದದ್ದನ್ನು ತಡೆದುಕೊಳ್ಳಬೇಡಿ ಎಂದಿದ್ದಳು. ಓಡಾಡುವುದಕ್ಕೆ ನನ್ನ ಗಾಡಿಗಿಂತ ಒಳ್ಳೆಯ ಜಾಗ ಯಾವುದಿದೆ? ಅದನ್ನೇ ಕೇಳಿ ಪಡೆದೆ. ಕೂಸಿಗೆ ಇನ್ನೂ ಹಾಲು ಬಿಡಿಸಿರಲಿಲ್ಲ. ಇಂಡಿಯಲ್ಲಿ ಸ್ಟ್ಯಾಂಡಿನ ಹತ್ತಿರವೇ ನಮ್ಮ ಚಿಕ್ಕಮ್ಮನ ಮನೆ. ಮೊದಲ ದಿನ ಅವ್ವ ಕೂಸನ್ನು ಕಟ್ಟಿಕೊಂಡು ಅದೇ ಗಾಡಿಯಲ್ಲಿ ಬಂದಳು, ಮಧ್ಯಾಹ್ನ ಚಿಕ್ಕಮ್ಮನ ಮನೆಯಲ್ಲಿ ಹಾಲು ಕುಡಿಸಿದೆ.

ವಾಪಸು ಬರುವಾಗ ಗಾಡಿ ಕಿಕ್ಕಿರಿದಿತ್ತು. ನಾನು ಬೆಳಿಗ್ಗೆಯಿಂದ ಎಲ್ಲರೆದುರು ಬಾಟಲಿ ಎತ್ತಿ ಎತ್ತಿ ಕುಡಿದಿದ್ದೆ. ಸಿಂದಗಿ ದಾಟಿ ದಾರಿಯ ಒಂದು ಸ್ಟ್ಯಾಂಡಿಗೆ ಬರುವ ಹೊತ್ತಿಗೆ ಹೋಗಲೇಬೇಕಾಗಿತ್ತು. ನಾನು ರಜೆಯಲ್ಲಿದ್ದಾಗ ಅಲ್ಲಿ ಹೆಂಗಸರಿಗೆಂದು ಹೊಸ ಶೌಚಾಲಯ ಕಟ್ಟಿದ್ದರು. ಗೋಡೆಗೆ ಟೈಲ್ಸು, ಬಾಗಿಲಿಗೆ ಬಣ್ಣ, ಬಣ್ಣದ ಮೇಲೆ ಗುಲಾಬಿ ಹೂವಿನ ಚಿತ್ರ. ಅದರ ಮೇಲೆ ಜಡಿದ ದೊಡ್ಡ ಕೀಲಿ.

ಸ್ಟ್ಯಾಂಡಿನ ಗಾಡಿಗಳ ಸಮಯ ಬರೆದುಕೊಳ್ಳುವ ಕಂಟ್ರೋಲರ್ ಸಾಹೇಬರ ಕಿಡಕಿಗೆ ಹೋಗಿ ಕೇಳಿದೆ.

"ಬಿಟ್ರ ಹೊಲಸ ಮಾಡ್ತಾರ್ರಿ. ಅದಕ್ಕ ಕೀಲಿ ಹಾಕೇವಿ. ಟೈಮ್ ಆತು, ಗಾಡಿ ಬಿಡ್ರಿ" ಎಂದರು, ರಿಜಿಸ್ಟರಿನಿಂದ ತಲೆ ಎತ್ತದೆ.

"ಕೀಲಿ ತಗೀರಿ. ನಾ ಹೋಗಿ ಬಂದ ಮ್ಯಾಲ ಬಿಡ್ತೀನಿ."

"ಇಷ್ಟ ವರ್ಷ ಹೆಂಗ ಮಾಡ್ತಿದ್ರಿ?"

"ಸಾಯಾಕತ್ತಿದ್ದೆ" ಎಂದೆ.

ಗಾಡಿಯಿಂದ ಗದ್ದಲ ಶುರುವಾಯಿತು. ಸಾಲಿ ಬಿಡುವ ಹೊತ್ತು, ಸಂತೆ ಹೊತ್ತು, ಏನಾತ್ರಿ ಕಂಡಕ್ಟರ್ ಎಂದು ಗಂಡಸರು ತಗಡು ಬಡಿದರು. ಕಂಟ್ರೋಲರ್ ಎದ್ದು ಹೊರಗೆ ಬಂದು ಕಾಕಾಗೆ ಕೈ ಬೀಸಿ "ಎತ್ರಿ ಗಾಡಿ" ಎಂದರು. ಕಾಕಾ ಇಂಜಿನ್ ಬಂದ್ ಮಾಡಿ, ಇಳಿದು, ಗಾಡಿಗೆ ಒರಗಿ ನಿಂತರು.

"ಕಂಡಕ್ಟರ್ ಸೀಟಿ ಹೊಡೀದ ಎತ್ತಂಗಿಲ್ರಿ ಸಾಹೇಬ್ರ. ರೂಲ್ ಐತಿ."

"ರಿಪೋರ್ಟ್ ಬರೀತೇನಿ ನಿಮ್ಮಿಬ್ಬರ ಮ್ಯಾಲ" ಎಂದು ಕಂಟ್ರೋಲರ್ ನನ್ನ ಕಡೆ ತಿರುಗಿ ಕೂಗಿದರು. ಇನ್ನೊಂದು ಮಾತು ಅಂದಿದ್ದರೆ ಹಳೇ ರೂಢಿಯಂತೆ ತಡೆದುಕೊಂಡು ಗಾಡಿ ಹತ್ತುತ್ತಿದ್ದೆನೋ ಏನೋ.

ಆಗ ಅವ್ವ ಇಳಿದು ಬಂದಳು. ಕಂಕುಳಲ್ಲಿ ಕೂಸು, ತಲೆಯ ಮೇಲೆ ಸೆರಗು. ಪರಗಂಡಸರೆದುರು ದನಿ ಎತ್ತಿದ್ದನ್ನು ನಾನೆಂದೂ ನೋಡದ ಹೆಂಗಸು ಕಂಟ್ರೋಲರ್ ಎದುರಿಗೆ ಹೋಗಿ ನಿಂತಳು.

"ಯಪ್ಪಾ, ಈಕಿ ನನ್ನ ಮಗಳು. ಬಾಣಂತನದಾಗ ಈಕಿಗೆ ನೀರ ಕೊಡಲಿಲ್ಲ ನಾನು. ಕೇಳಿದ್ರೂ ಕೊಡಲಿಲ್ಲ. ಬೇಡಿದ್ಲು, ಅತ್ಲು, ಕೊಡಲಿಲ್ಲ. ಮೈಯಾಗಿನ ರಕ್ತ ನಿಂತ ಹೋತು. ನನ್ನ ಕೈಲೆ ಕೊಲ್ಲಾಕ ಹೊಂಟಿದ್ದೆ. ನಾ ಓದಿಲ್ಲ, ಬರದಿಲ್ಲ, ತಿಳೀಲಿಲ್ಲ ನನಗ. ನೀ ಓದೀದಿ, ಖುರ್ಚಿ ಮ್ಯಾಲ ಕುಂತೀದಿ. ನೀನೂ ಅದನ್ನ ಮಾಡಾಕತ್ತೀಯಲ್ಲೋ. ತಗಿ ಕೀಲಿ."

ಕಂಟ್ರೋಲರ್ ಒಳಗೆ ಹೋಗಿ ಕೀಲಿಕೈ ತಂದು ಬಾಗಿಲು ತೆಗೆದರು. ಗೊಂಚಲು ಹುಡುಕುವ ಕಷ್ಟವೇನೂ ಇರಲಿಲ್ಲ, ಅವರ ಟೇಬಲ್ಲಿನ ಡ್ರಾವರಿನಲ್ಲಿಯೇ ಇತ್ತು. ನಾನು ಒಳಗೆ ಹೋದೆ. ನಳದಲ್ಲಿ ನೀರೂ ಬರುತ್ತಿತ್ತು. ಅಲ್ಲಿಯೇ ಗೋಡೆಗೆ ಹಣೆ ಹಚ್ಚಿ ಬಿಕ್ಕಿದೆ. ಏಳು ತಿಂಗಳು ಮನೆಯೊಳಗೆ ನನ್ನೆದುರು ಬಾರದ ಮಾತು, ಸ್ಟ್ಯಾಂಡಿನ ನಡುವೆ, ಗುರುತಿಲ್ಲದ ಮನುಷ್ಯನ ಎದುರು ಬಂದಿತ್ತು.

ಹೊರಗೆ ಬಂದರೆ ಬಾಗಿಲಲ್ಲಿ ಸಾಲು. ಗಾಡಿಯ ಅರ್ಧ ಹೆಂಗಸರು ಇಳಿದು ನಿಂತಿದ್ದರು, ಮುದುಕಿಯರು, ಕಾಲೇಜಿನ ಹುಡುಗಿಯರು, ಬುಟ್ಟಿ ಹೊತ್ತವರು. ಎಲ್ಲರೂ ಎಲ್ಲಿಂದಲೋ ತಡೆದುಕೊಂಡು ಬಂದವರೇ. ಅವ್ವ ಕೊನೆಯಲ್ಲಿ ನಿಂತಿದ್ದಳು. ನನ್ನ ಮುಖ ನೋಡದೆ ಕೂಸನ್ನು ನನ್ನ ಕೈಗೆ ಕೊಟ್ಟು, ನನ್ನ ಹೆಗಲಿನ ಬಾಟಲಿ ತೆಗೆದುಕೊಂಡು, ಅಲ್ಲಿಯೇ ಎಲ್ಲರೆದುರು ತಲೆ ಎತ್ತಿ ಕುಡಿದಳು.

ರಿಪೋರ್ಟು ಹೋಯಿತು, ಮೆಮೊ ಬಂತು, ಉತ್ತರವನ್ನೂ ಕೊಟ್ಟೆ. ಗಾಡಿ ಇಪ್ಪತ್ತು ನಿಮಿಷ ತಡವಾಗಿದ್ದು ನಿಜ ಎಂದು ಬರೆದೆ. ಆ ದಿನ ಕೊನೆಯವಳಾಗಿ ಒಳಗೆ ಹೋದ ಅವ್ವ ಬಂದು ಗಾಡಿ ಹತ್ತುವವರೆಗೆ ನಾನು ಸೀಟಿ ಹೊಡೆಯಲಿಲ್ಲ.